ಓದುಗರ ಪ್ರಶ್ನೆ, ನಮ್ಮ ಉತ್ತರ: ದೂರಸಂಪರ್ಕ ಕಂಪನಿಗಳ ಪೈಪೋಟಿ ಮತ್ತು ಕೆಲಸ ಕಳೆದುಕೊಂಡವರು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವನ್ನು ಮೊಬೈಲ್ ಮತ್ತು ದೂರವಾಣಿ ಕಂಪನಿಗಳಲ್ಲಿ ಕೆಲಸ ಕಳೆದುಕೊಂಡವರು ಅಥವಾ ಅವರ ಮನೆಯವರು ಬರೆದಿದ್ದಾರೆ. ಆದ್ದರಿಂದ ಅಂಕಣವನ್ನು ಪೂರ್ತಿಯಾಗಿ ಅದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಬರೆದವರ ಕೋರಿಕೆಯಂತೆ ಅವರ ಹೆಸರುಗಳನ್ನು ಕೈಬಿಟ್ಟು ಊರುಗಳನ್ನಷ್ಟೇ ಉಳಿಸಿಕೊಂಡಿದ್ದೇನೆ. ವೈಯಕ್ತಿಕ ದೂರುಗಳಿರುವ ಕಡೆ ಕಂಪನಿಯ ಹೆಸರನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾನು 11 ವರ್ಷ ಒಂದು ಖಾಸಗಿ ಮೊಬೈಲ್ ಕಂಪನಿಯ ಟವರ್‌ಗಳಲ್ಲಿ ಜನರೇಟರ್ ಮತ್ತು ಬ್ಯಾಟರಿಗಳನ್ನು ನೋಡಿಕೊಳ್ಳುವ ಕೆಲಸ ಮಾಡಿದೆ. ಸಂಬಳ ಕೊಡುತ್ತಿದ್ದವರು ಗುತ್ತಿಗೆದಾರರು. ಈ ಅವಧಿಯಲ್ಲಿ ಮೂವರು ಗುತ್ತಿಗೆದಾರರು ಬದಲಾದರು, ನನ್ನ ಕೆಲಸ ಬದಲಾಗಲಿಲ್ಲ. ಕಂಪನಿ ಇನ್ನೊಂದರ ಜೊತೆ ವಿಲೀನವಾದ ಮೇಲೆ ಟವರ್‌ಗಳನ್ನು ಕಡಿಮೆ ಮಾಡಿದರು. ನಾಳೆಯಿಂದ ಬರುವುದು ಬೇಡವೆಂದು ಫೋನಿನಲ್ಲಿ ಹೇಳಿದರು. ಎರಡು ತಿಂಗಳ ಸಂಬಳ ಬಾಕಿಯಿದೆ. ನಾನು ಯಾರನ್ನು ಕೇಳಬೇಕು? (ಹಾವೇರಿ)

ಉತ್ತರ: ಗುತ್ತಿಗೆದಾರರು ಬದಲಾದರೂ ಕೆಲಸ ಬದಲಾಗಲಿಲ್ಲ ಎಂದು ಬರೆದಿದ್ದೀರಲ್ಲ, ನಿಮ್ಮ ಹಕ್ಕಿನ ಆಧಾರವೇ ಆ ಮಾತು. ಅದನ್ನು ಕಾಗದದ ಮೇಲೆ ಸಾಬೀತುಪಡಿಸುವುದು ನೀವು ಮೊದಲು ಮಾಡಬೇಕಾದ ಕೆಲಸ. ಗುರುತಿನ ಚೀಟಿ, ಟವರ್ ಬಳಿಯ ಡೀಸೆಲ್ ಲೆಕ್ಕದ ಪುಸ್ತಕದಲ್ಲಿರುವ ನಿಮ್ಮ ಸಹಿ, ಮೇಲ್ವಿಚಾರಕರು ಕಳುಹಿಸಿದ ಸಂದೇಶಗಳು, ಬ್ಯಾಂಕ್ ಖಾತೆಗೆ ಸಂಬಳ ಬಂದ ದಾಖಲೆ ಇವೆಲ್ಲವನ್ನೂ ಜೋಡಿಸಿಡಿ. ಭವಿಷ್ಯ ನಿಧಿಯಲ್ಲಿ ನಿಮ್ಮ ಗುರುತಿನ ಸಂಖ್ಯೆಯಾದ ಯುಎಎನ್‌ನ ಪಾಸ್‌ಬುಕ್ಕನ್ನು ತೆಗೆಸಿದರೆ ಯಾವ ಅವಧಿಯಲ್ಲಿ ಯಾವ ಗುತ್ತಿಗೆದಾರರು ಹಣ ಕಟ್ಟಿದ್ದಾರೆ, ಎಲ್ಲಿ ಕಟ್ಟದೆ ಬಿಟ್ಟಿದ್ದಾರೆ ಎಂಬುದೂ ತಿಳಿಯುತ್ತದೆ.

ಬಾಕಿ ಸಂಬಳದ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಗುತ್ತಿಗೆದಾರರು ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಕಂಪನಿಯೇ ಅದನ್ನು ಕೊಟ್ಟು, ನಂತರ ಗುತ್ತಿಗೆದಾರರಿಂದ ವಸೂಲಿ ಮಾಡಿಕೊಳ್ಳಬೇಕು ಎಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿಯೂ ಈ ಹೊಣೆ ಉಳಿದಿದೆ. ಭವಿಷ್ಯ ನಿಧಿಯ ವಂತಿಗೆಗೂ ಮೂಲ ಕಂಪನಿಯೇ ಅಂತಿಮ ಹೊಣೆಗಾರ. ಹೀಗಾಗಿ ನಿಮ್ಮ ಅರ್ಜಿಯಲ್ಲಿ ಗುತ್ತಿಗೆದಾರರ ಹೆಸರಿನ ಜೊತೆಗೆ ಮೂಲ ಕಂಪನಿಯ ಹೆಸರನ್ನೂ ಎದುರುದಾರರ ಸ್ಥಾನದಲ್ಲಿ ಬರೆಯಲೇಬೇಕು. ಬಹಳ ಮಂದಿ ಗುತ್ತಿಗೆದಾರರ ಹೆಸರನ್ನಷ್ಟೇ ಬರೆಯುತ್ತಾರೆ. ಆ ಗುತ್ತಿಗೆದಾರರು ಬಾಗಿಲು ಹಾಕಿಕೊಂಡು ಹೋದಾಗ ಅರ್ಜಿಯೂ ನಿಂತುಹೋಗುತ್ತದೆ.

ಗ್ರಾಚುಯಿಟಿಯ, ಅಂದರೆ ಸೇವೆ ಮುಗಿದಾಗ ಕೊಡಬೇಕಾದ ಉಪದಾನದ ಲೆಕ್ಕ ಕಷ್ಟದ್ದಲ್ಲ. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ಆ ವೇತನ 13,000 ರೂಪಾಯಿ ಇದ್ದರೆ ವರ್ಷಕ್ಕೆ 7,500 ರೂಪಾಯಿಯಂತೆ 11 ವರ್ಷಕ್ಕೆ 82,500 ರೂಪಾಯಿ ಆಗುತ್ತದೆ. ಇದಕ್ಕೆ ಬೇಕಾದ ಐದು ವರ್ಷವನ್ನು ನೀವು ತಮ್ಮ ಬಳಿ ಪೂರೈಸಿಲ್ಲವೆಂದು ಮೂವರು ಗುತ್ತಿಗೆದಾರರೂ ವಾದಿಸುವ ಸಾಧ್ಯತೆ ಇದೆ. ಸೇವೆ ಕಡಿಯದೆ ಒಂದೇ ಕೆಲಸವಾಗಿ ಮುಂದುವರಿದಿತ್ತು ಎಂಬುದಕ್ಕೆ ನೀವು ಜೋಡಿಸಿದ ದಾಖಲೆಗಳು ಆಗ ನೆರವಿಗೆ ಬರುತ್ತವೆ. ಇದಲ್ಲದೆ, ಹೆಚ್ಚುವರಿ ಸಿಬ್ಬಂದಿಯೆಂದು ಕೆಲಸದಿಂದ ತೆಗೆದಾಗ ಒಂದು ತಿಂಗಳ ಮುಂಚಿತ ಸೂಚನೆ ಅಥವಾ ಅದರ ಬದಲು ಒಂದು ತಿಂಗಳ ವೇತನ, ಜೊತೆಗೆ ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು. ಫೋನಿನಲ್ಲಿ ‘ನಾಳೆಯಿಂದ ಬೇಡ’ ಎಂದು ಹೇಳುವುದು ಸೂಚನೆ ಅಲ್ಲ.

ಹೊಸ ಕೈಗಾರಿಕಾ ಸಂಬಂಧ ಸಂಹಿತೆಯು ದೂರಸಂಪರ್ಕವನ್ನು ಕೇಂದ್ರ ಸರ್ಕಾರದ ವ್ಯಾಪ್ತಿಗೆ ಸೇರಿಸಿದೆ. ಬೆಂಗಳೂರಿನಲ್ಲಿರುವ ಕೇಂದ್ರದ ಪ್ರಾದೇಶಿಕ ಕಾರ್ಮಿಕ ಆಯುಕ್ತರ ಕಚೇರಿಗೆ ನೋಂದಾಯಿತ ಅಂಚೆಯಲ್ಲಿ ದೂರು ಕಳುಹಿಸಿ, ಅದರ ಒಂದು ಪ್ರತಿಯನ್ನು ಹಾವೇರಿಯ ಕಾರ್ಮಿಕ ಇಲಾಖೆಗೂ ಕೊಡಿ. ತಡ ಮಾಡಬೇಡಿ. ಕೆಲಸದಿಂದ ತೆಗೆದ ವಿವಾದವನ್ನು ಕಾರ್ಮಿಕರು ನೇರವಾಗಿ ನ್ಯಾಯಮಂಡಳಿಗೆ ಒಯ್ಯಲು ಹಳೆಯ ಕಾಯ್ದೆಯಲ್ಲಿ ಮೂರು ವರ್ಷ ಇದ್ದ ಗಡುವು ಹೊಸ ಸಂಹಿತೆಯಲ್ಲಿ ಎರಡು ವರ್ಷಕ್ಕೆ ಇಳಿದಿದೆ. ನಿಮ್ಮ ಜೊತೆ ಕೆಲಸ ಮಾಡಿದ ಇತರರೂ ಇದ್ದರೆ ಒಟ್ಟಾಗಿ ಅರ್ಜಿ ಹಾಕಿ, ಏಕೆಂದರೆ ಒಬ್ಬರ ದಾಖಲೆ ಇನ್ನೊಬ್ಬರಿಗೆ ಸಾಕ್ಷಿಯಾಗುತ್ತದೆ.

ಪ್ರಶ್ನೆ: ಹತ್ತು ವರ್ಷದ ಹಿಂದೆ ನಮ್ಮ ಊರಿನ ಅಂಗಡಿಗಳ ಮುಂದೆ ಹತ್ತು ಕಂಪನಿಗಳ ಫಲಕಗಳಿದ್ದವು. ಈಗ ಉಳಿದಿರುವುದು ಮೂರು ಖಾಸಗಿ ಕಂಪನಿ ಮತ್ತು ಬಿಎಸ್‌ಎನ್‌ಎಲ್. ಪೈಪೋಟಿಯಿಂದ ಉದ್ಯೋಗ ಹೆಚ್ಚುತ್ತದೆ ಎಂದು ಕಾಲೇಜಿನಲ್ಲಿ ಕಲಿಸುತ್ತೇವೆ. ಇಲ್ಲಿ ಮಾತ್ರ ಪೈಪೋಟಿಯಿಂದಲೇ ಉದ್ಯೋಗಗಳು ಹೋದಂತೆ ಕಾಣುತ್ತದೆ. ಜಿಯೋ ಉಚಿತವಾಗಿ ಡೇಟಾ ಕೊಟ್ಟದ್ದೇ ಇದಕ್ಕೆಲ್ಲ ಕಾರಣವೇ? (ಧಾರವಾಡ)

ಉತ್ತರ: ಜಿಯೋ ಬಂದದ್ದು ದೊಡ್ಡ ಕಾರಣ, ಆದರೆ ಅದೊಂದೇ ಕಾರಣವೆಂದರೆ ಉಳಿದವರೆಲ್ಲರ ಹೊಣೆಯನ್ನು ಅಳಿಸಿಹಾಕಿದಂತಾಗುತ್ತದೆ. ಜಿಯೋ ಬರುವುದಕ್ಕೆ ಮೊದಲೇ ಈ ಕಂಪನಿಗಳ ಬೆನ್ನಿನ ಮೇಲೆ ಸಾಲದ ಹೊರೆ ಕೂತಿತ್ತು. ಆ ಹೊರೆ ಹೇಗೆ ಬಂತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ.

ಈ ಉದ್ಯಮದಲ್ಲಿ ಖರ್ಚೆಲ್ಲ ಮೊದಲೇ ಆಗಿಬಿಡುತ್ತದೆ. ತರಂಗಾಂತರ (ಸ್ಪೆಕ್ಟ್ರಮ್), ಅಂದರೆ ಕರೆ ಮತ್ತು ಡೇಟಾ ಸಾಗಿಸುವ ರೇಡಿಯೋ ಅಲೆಗಳ ಬಳಕೆಯ ಹಕ್ಕು ಕೊಳ್ಳಬೇಕು, ಟವರ್ ನಿಲ್ಲಿಸಬೇಕು, ಕೇಬಲ್ ಎಳೆಯಬೇಕು. ಇದೆಲ್ಲ ಆದ ಮೇಲೆ ಇನ್ನೊಬ್ಬ ಗ್ರಾಹಕರನ್ನು ಸೇರಿಸಿಕೊಳ್ಳಲು ತಗಲುವ ವೆಚ್ಚ ಬಹಳ ಕಡಿಮೆ. ಹೊರಡಲೇಬೇಕಾದ ಬಸ್ಸಿನ ಖಾಲಿ ಸೀಟಿಗೆ ಎಷ್ಟು ಸಿಕ್ಕಿದರೂ ಲಾಭವೇ ಎಂದು ಏಜೆಂಟರು ಕೂಗುವಂತೆ, ಸಾಲದ ಕಂತು ಕಟ್ಟಬೇಕಾದ ಕಂಪನಿಗಳು ಬೆಲೆ ಇಳಿಸುತ್ತಲೇ ಹೋಗುತ್ತವೆ. ಹಿಂದೆ ಹಣವಿರುವವರು ಈ ಇಳಿತವನ್ನು ವರ್ಷಗಟ್ಟಲೆ ತಡೆದುಕೊಳ್ಳುತ್ತಾರೆ, ಇಲ್ಲದವರು ಬೀಳುತ್ತಾರೆ.

ಆರಂಭದಲ್ಲಿ ಪ್ರತಿ ವಲಯಕ್ಕೂ ಇಬ್ಬರಿಗಷ್ಟೇ ಪರವಾನಗಿ ಇತ್ತು. ಕರ್ನಾಟಕದಲ್ಲಿ ಜೆಟಿ ಮೊಬೈಲ್ಸ್ ಮತ್ತು ಸ್ಪೈಸ್ ಇದ್ದವು. ಮೊದಲನೆಯದು 1999ರಲ್ಲಿ ಭಾರ್ತಿಯ ಕೈ ಸೇರಿ ಏರ್‌ಟೆಲ್ ಆಯಿತು, ಎರಡನೆಯದನ್ನು 2008ರಲ್ಲಿ ಐಡಿಯಾ ಕೊಂಡಿತು. ಅದೇ 2008ರ ಜನವರಿಯಲ್ಲಿ ಕೇಂದ್ರ ಸರ್ಕಾರ ಒಮ್ಮೆಲೇ 122 ಹೊಸ ಪರವಾನಗಿಗಳನ್ನು ಹಂಚಿತು. ನೀವು ಹೇಳುವ ಹತ್ತು ಫಲಕಗಳ ಕಾಲ ಶುರುವಾದದ್ದು ಆಗ. ಅವು ಆರೋಗ್ಯಕರ ಪೈಪೋಟಿಯ ಗುರುತುಗಳಾಗಿರಲಿಲ್ಲ. 2012ರ ಫೆಬ್ರುವರಿ 2ರಂದು ಸುಪ್ರೀಂ ಕೋರ್ಟ್ ಹಂಚಿಕೆಯೇ ಅಕ್ರಮವೆಂದು ಆ 122 ಪರವಾನಗಿಗಳನ್ನೂ ರದ್ದುಪಡಿಸಿತು. ಎಸ್ ಟೆಲ್, ಎಟಿಸಲಾಟ್ ಡಿಬಿಯಂತಹ ಕಂಪನಿಗಳು ಅಂಗಡಿ ಮುಚ್ಚಿದಾಗ ಕೆಲಸ ಕಳೆದುಕೊಂಡವರ ಪೈಕಿ ಯಾರೂ ಪರವಾನಗಿಯ ಅಕ್ರಮದಲ್ಲಿ ಪಾಲುದಾರರಾಗಿರಲಿಲ್ಲ. ಈ ಉದ್ಯಮದಲ್ಲಿ ಸಾಮೂಹಿಕ ಕೆಲಸ ಕಡಿತದ ಕಥೆಯನ್ನು 2016ರಿಂದ ಆರಂಭಿಸುವವರು ಈ ಅಧ್ಯಾಯವನ್ನು ಮರೆಯುತ್ತಾರೆ.

ಇತ್ತ 2010ರ 3ಜಿ ಹರಾಜಿನಲ್ಲಿ ಸರ್ಕಾರಕ್ಕೆ 67 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಹಣ ಬಂತು. ಖಜಾನೆಗೆ ಬಂದ ಆ ಹಣದಲ್ಲಿ ಬಹುಪಾಲನ್ನು ಕಂಪನಿಗಳು ಬ್ಯಾಂಕುಗಳಿಂದ ಸಾಲ ತಂದು ಕಟ್ಟಿದ್ದವು. ಮುಂದಿನ ಹರಾಜುಗಳಲ್ಲಿಯೂ ಹೀಗೆಯೇ ಆಯಿತು. ಹರಾಜಿನ ಮೊತ್ತ ಏರಿದಷ್ಟೂ ಸರ್ಕಾರದ ಯಶಸ್ಸೆಂದು ಪತ್ರಿಕೆಗಳು ಬರೆದವು. ಅಷ್ಟು ಬೆಲೆ ಕೊಟ್ಟವರು ಅದನ್ನು ಮರಳಿ ಗಳಿಸುವುದು ಹೇಗೆ, ಗಳಿಸಲಾಗದಿದ್ದರೆ ಮೊದಲು ಯಾವ ಖರ್ಚನ್ನು ಕತ್ತರಿಸುತ್ತಾರೆ ಎಂದು ಕೇಳಿದವರು ಕಡಿಮೆ.

2016ರ ಸೆಪ್ಟೆಂಬರ್ 5ರಂದು ಜಿಯೋ ಸೇವೆ ಆರಂಭವಾಯಿತು. ಕರೆ ಮತ್ತು ಡೇಟಾ ಮೊದಲು ಡಿಸೆಂಬರ್ ಕೊನೆಯವರೆಗೆ, ಮತ್ತೆ 2017ರ ಮಾರ್ಚ್ ಕೊನೆಯವರೆಗೆ ಉಚಿತವಾಗಿದ್ದವು. 170 ದಿನಗಳಲ್ಲಿ ಹತ್ತು ಕೋಟಿ ಗ್ರಾಹಕರು ಸೇರಿದರು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಲೆಕ್ಕದ ಪ್ರಕಾರ ಒಂದು ಜಿಬಿ ಡೇಟಾದಿಂದ ಕಂಪನಿಗಳಿಗೆ ಬರುತ್ತಿದ್ದ ಸರಾಸರಿ ವರಮಾನ 2014ರಲ್ಲಿ 269 ರೂಪಾಯಿ ಇದ್ದದ್ದು 2018ರಲ್ಲಿ 12 ರೂಪಾಯಿಗೂ ಕೆಳಗಿಳಿಯಿತು. ಇದರಿಂದ ಹಳ್ಳಿಯ ವಿದ್ಯಾರ್ಥಿಗೂ ರೈತರಿಗೂ ಆದ ಉಪಕಾರ ನಿಜವಾದದ್ದು. ಅದನ್ನು ನಾನು ಕಡೆಗಣಿಸುವುದಿಲ್ಲ.

ಹಳೆಯ ಕಂಪನಿಗಳು ಸುಮ್ಮನೆ ಪೆಟ್ಟು ತಿಂದ ಅಮಾಯಕರೂ ಅಲ್ಲ. ಜಿಯೋದಿಂದ ಬರುವ ಕರೆಗಳಿಗೆ ಸಾಕಷ್ಟು ಸಂಪರ್ಕ ಬಿಂದುಗಳನ್ನು ಕೊಡಲಿಲ್ಲವೆಂಬ ಕಾರಣಕ್ಕೆ ಏರ್‌ಟೆಲ್, ವೊಡಾಫೋನ್ ಮತ್ತು ಐಡಿಯಾಗಳ ಮೇಲೆ ಒಟ್ಟು 3,050 ಕೋಟಿ ರೂಪಾಯಿ ದಂಡ ವಿಧಿಸಬೇಕೆಂದು ಟ್ರಾಯ್ 2016ರ ಅಕ್ಟೋಬರ್‌ನಲ್ಲಿ ಶಿಫಾರಸು ಮಾಡಿತ್ತು. ಇನ್ನೊಂದೆಡೆ, ಉಚಿತ ಸೇವೆಯಿಂದ ಪೈಪೋಟಿಗೆ ಧಕ್ಕೆಯಾಗಿದೆ ಎಂದು ಏರ್‌ಟೆಲ್ ಕೊಟ್ಟ ದೂರನ್ನು ಭಾರತೀಯ ಸ್ಪರ್ಧಾ ಆಯೋಗ 2017ರಲ್ಲಿ ತಳ್ಳಿಹಾಕಿತು. ಆಗ ತಾನೇ ಬಂದ ಕಂಪನಿ ಮಾರುಕಟ್ಟೆಯ ಮೇಲೆ ಹಿಡಿತ ಹೊಂದಿಲ್ಲ ಎಂಬುದು ಆಯೋಗದ ವಾದ. ಅದೇ ವರ್ಷದ ಅಕ್ಟೋಬರ್ 1ರಿಂದ, ಒಂದು ಕಂಪನಿಯ ಗ್ರಾಹಕರು ಇನ್ನೊಂದರ ಗ್ರಾಹಕರಿಗೆ ಕರೆ ಮಾಡಿದಾಗ ಕೊಡಬೇಕಾದ ಸಂಪರ್ಕ ಶುಲ್ಕವನ್ನು ಟ್ರಾಯ್ ನಿಮಿಷಕ್ಕೆ 14 ಪೈಸೆಯಿಂದ 6 ಪೈಸೆಗೆ ಇಳಿಸಿತು. ಹೆಚ್ಚು ಕರೆಗಳನ್ನು ಸ್ವೀಕರಿಸುತ್ತಿದ್ದ ಹಳೆಯ ಕಂಪನಿಗಳಿಗೆ ಇದು ನೇರ ನಷ್ಟವಾಯಿತು.

ಆಮೇಲೆ ಒಂದರ ಹಿಂದೊಂದು ಬಿದ್ದವು. 2017ರ ಅಕ್ಟೋಬರ್‌ನಲ್ಲಿ ಟಾಟಾ ತನ್ನ ಮೊಬೈಲ್ ವ್ಯವಹಾರವನ್ನು ಏರ್‌ಟೆಲ್‌ಗೆ ಒಪ್ಪಿಸುವುದಾಗಿ ಘೋಷಿಸಿತು. ಡಿಸೆಂಬರ್‌ನಿಂದ ರಿಲಯನ್ಸ್ ಕಮ್ಯುನಿಕೇಷನ್ಸ್ ಕರೆ ಸೇವೆ ನಿಲ್ಲಿಸಿತು. 2018ರ ಫೆಬ್ರುವರಿ ಕೊನೆಗೆ ಏರ್‌ಸೆಲ್ ದಿವಾಳಿ ಅರ್ಜಿ ಸಲ್ಲಿಸಿತು. ಮೇ ತಿಂಗಳಲ್ಲಿ ಟೆಲಿನಾರ್ ಏರ್‌ಟೆಲ್‌ನಲ್ಲಿ ಸೇರಿತು. ಆಗಸ್ಟ್ 31ರಂದು ವೊಡಾಫೋನ್ ಮತ್ತು ಐಡಿಯಾ ಒಂದಾದವು. ಎರಡು ಕಂಪನಿ ಒಂದಾದಾಗ ಪ್ರತಿ ವಲಯದಲ್ಲೂ ಎರಡು ಕಚೇರಿಗಳ ಬದಲು ಒಂದು, ಒಂದೇ ಬೀದಿಯ ಎರಡು ಮಳಿಗೆಗಳ ಬದಲು ಒಂದು, ಅಕ್ಕಪಕ್ಕದ ಎರಡು ಟವರ್‌ಗಳ ಬದಲು ಒಂದು ಸಾಕಾಗುತ್ತದೆ. ಹೂಡಿಕೆದಾರರಿಗೆ ‘ಉಳಿತಾಯ’ವೆಂದು ತೋರಿಸುವ ಅಂಕಿಯಲ್ಲಿ ದೊಡ್ಡ ಪಾಲು ಇವೇ ಕೆಲಸಗಳು.

ಇಷ್ಟಾದ ಮೇಲೆ 2019ರ ಅಕ್ಟೋಬರ್ 24ರ ಸುಪ್ರೀಂ ಕೋರ್ಟ್ ತೀರ್ಪು ಬಂತು. ಪರವಾನಗಿ ಶುಲ್ಕವನ್ನು ಕಂಪನಿಯ ವರಮಾನದ ಪಾಲಾಗಿ ಕಟ್ಟಬೇಕೆಂಬ ಪದ್ಧತಿ 1999ರಿಂದ ಇತ್ತು. ಆ ವರಮಾನದಲ್ಲಿ ಬಡ್ಡಿ, ಬಾಡಿಗೆ, ಆಸ್ತಿ ಮಾರಾಟದ ಹಣವೂ ಸೇರುತ್ತದೆಯೇ ಎಂಬುದು ಎಜಿಆರ್ ವಿವಾದವೆಂದು ಹೆಸರಾಗಿ ವರ್ಷಗಟ್ಟಲೆ ನಡೆಯಿತು. ಸೇರುತ್ತದೆ ಎಂದು ನ್ಯಾಯಾಲಯ ಹೇಳಿತು. ಒಟ್ಟು ಬಾಕಿ ಸುಮಾರು 92 ಸಾವಿರ ಕೋಟಿ ರೂಪಾಯಿ ಆಯಿತು. ಅದರಲ್ಲಿ ಮೂಲ ಶುಲ್ಕ ಸುಮಾರು 23 ಸಾವಿರ ಕೋಟಿ ಮಾತ್ರ, ಉಳಿದದ್ದು ಬಡ್ಡಿ, ದಂಡ ಮತ್ತು ದಂಡದ ಮೇಲಿನ ಬಡ್ಡಿ. ತರಂಗಾಂತರ ಬಳಕೆಯ ಶುಲ್ಕವೂ ಸೇರಿ ವೊಡಾಫೋನ್ ಐಡಿಯಾ ಒಂದರ ಮೇಲೆಯೇ 58 ಸಾವಿರ ಕೋಟಿಗೂ ಹೆಚ್ಚಿನ ಬಾಕಿ ಬಿತ್ತು. ಆ ಕಂಪನಿ ಒಂದೇ ತ್ರೈಮಾಸಿಕದಲ್ಲಿ 50,922 ಕೋಟಿ ರೂಪಾಯಿ ನಷ್ಟ ತೋರಿಸಿತು. ಮುಂದೆ ಸರ್ಕಾರವೇ ತನಗೆ ಬರಬೇಕಾದ ಹಣವನ್ನು ಷೇರುಗಳಾಗಿ ಬದಲಿಸಿಕೊಂಡು, 2025ರಲ್ಲಿ ಅದರ ಸುಮಾರು 49 ಶೇಕಡಾ ಪಾಲಿನ ಒಡೆತನ ಹೊಂದಿತು. ಕಂಪನಿಯನ್ನು ಉಳಿಸುವುದಕ್ಕೆ ಹತ್ತು ವರ್ಷದ ಕಂತು ಸಿಕ್ಕಿತು, ನಾಲ್ಕು ವರ್ಷದ ವಿನಾಯಿತಿ ಸಿಕ್ಕಿತು, ಸಾಲ ಷೇರಾಯಿತು. ಅದೇ ಕಂಪನಿಗಳ ಗುತ್ತಿಗೆ ಕೆಲಸಗಾರರಿಗಾಗಿ ಇಂತಹ ಒಂದು ಸಾಲನ್ನೂ ಆ ಪರಿಹಾರ ಯೋಜನೆಗಳಲ್ಲಿ ಬರೆಯಲಿಲ್ಲ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಪೈಪೋಟಿಯೇ ಉದ್ಯೋಗ ನುಂಗಿತು ಎನ್ನುವುದು ಸರಿಯಲ್ಲ. ಸಾಲದ ಹಣದಲ್ಲಿ ನಡೆದ ಹರಾಜು, ಕೈಬೀಸಿ ಹಂಚಿದ ಪರವಾನಗಿ, ಬಡ್ಡಿಗೆ ಬಡ್ಡಿ ಬೆಳೆಯುವಷ್ಟು ಕಾಲ ಇತ್ಯರ್ಥವಾಗದ ವಿವಾದ, ಇವುಗಳ ಮೇಲೆ ದರ ಸಮರ ಬಂದು ಕೂತಿತು. ಬೆಲೆ ಇಳಿದಾಗ ಲಾಭ ಗ್ರಾಹಕರಿಗೆ ಬಂತು, ಹರಾಜಿನ ಹಣ ಸರ್ಕಾರಕ್ಕೆ ಹೋಯಿತು. ನಷ್ಟದಲ್ಲಿ ಮಾತ್ರ ಕೆಲಸಗಾರರಿಗೆ ಮೊದಲ ಪಾಲು ಸಿಕ್ಕಿತು. ಕಂಪನಿಗಳು ಕಡಿಮೆಯಾದ ಮೇಲೆ 2019ರ ಡಿಸೆಂಬರ್, 2021ರ ನವೆಂಬರ್ ಮತ್ತು 2024ರ ಜುಲೈ ತಿಂಗಳಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದವು. ಗ್ರಾಹಕರಿಗೆ ದೊರೆತ ಅಗ್ಗದ ಕಾಲವೂ ಹೀಗೆ ಸ್ವಲ್ಪಸ್ವಲ್ಪವಾಗಿ ಹಿಂದೆ ಸರಿಯುತ್ತಿದೆ, ಹೋದ ಕೆಲಸಗಳು ಮಾತ್ರ ಮರಳಲಿಲ್ಲ. ಇದನ್ನೂ ನಿಮ್ಮ ವಿದ್ಯಾರ್ಥಿಗಳಿಗೆ ಹೇಳಿ.

ಪ್ರಶ್ನೆ: ನಮ್ಮ ತಂದೆಯವರು 31 ವರ್ಷ ದೂರವಾಣಿ ಇಲಾಖೆಯಲ್ಲಿ ಮತ್ತು ಬಿಎಸ್‌ಎನ್‌ಎಲ್‌ನಲ್ಲಿ ದುಡಿದು 2020ರಲ್ಲಿ ಸ್ವಯಂ ನಿವೃತ್ತಿ ಪಡೆದರು. ನೌಕರರ ಸಂಬಳದ ಭಾರದಿಂದಲೇ ಬಿಎಸ್‌ಎನ್‌ಎಲ್ ಮುಳುಗಿತು ಎಂದು ನೆಂಟರು ಅವರ ಎದುರಿಗೇ ಹೇಳುತ್ತಾರೆ. ತಂದೆಯವರು ಏನನ್ನೂ ಹೇಳದೆ ಎದ್ದು ಹೋಗುತ್ತಾರೆ. ನಿಜಕ್ಕೂ ತಪ್ಪು ಯಾರದು? (ಶಿವಮೊಗ್ಗ)

ಉತ್ತರ: ನೆಂಟರ ಮಾತಿನಲ್ಲಿ ಅರ್ಧ ಸತ್ಯವಿದೆ, ಮತ್ತು ಆ ಅರ್ಧ ಸತ್ಯವೇ ನಿಮ್ಮ ತಂದೆಯವರನ್ನು ನೋಯಿಸುತ್ತಿದೆ. 2019ರಲ್ಲಿ ಬಿಎಸ್‌ಎನ್‌ಎಲ್ ವರಮಾನದ ಸುಮಾರು ಮುಕ್ಕಾಲು ಭಾಗ ಸಿಬ್ಬಂದಿ ವೆಚ್ಚಕ್ಕೇ ಹೋಗುತ್ತಿತ್ತು ಎಂಬುದು ನಿಜ. ಆದರೆ ಒಂದು ಭಾಗಾಕಾರದಲ್ಲಿ ಮೇಲಿನ ಸಂಖ್ಯೆ ಹೆಚ್ಚಾದಾಗಲೂ ಅನುಪಾತ ಏರುತ್ತದೆ, ಕೆಳಗಿನದು ಕುಸಿದಾಗಲೂ ಏರುತ್ತದೆ. ಇಲ್ಲಿ ಮುಖ್ಯವಾಗಿ ಆದದ್ದು ಎರಡನೆಯದು: ವರಮಾನ ಕುಸಿಯಿತು.

ದೂರಸಂಪರ್ಕ ಇಲಾಖೆಯ ಸೇವಾ ವಿಭಾಗ 2000ದ ಅಕ್ಟೋಬರ್ 1ರಂದು ಬಿಎಸ್‌ಎನ್‌ಎಲ್ ಎಂಬ ಕಂಪನಿಯಾಯಿತು. ಆಗ ನೌಕರರು ಈಗಿನದಕ್ಕಿಂತ ಬಹಳ ಹೆಚ್ಚಿದ್ದರು. ಆದರೂ 2004-05ರಲ್ಲಿ ಸಂಸ್ಥೆ 10 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಲಾಭ ಮಾಡಿತ್ತು. ಮೊಬೈಲ್ ಸೇವೆಗೆ ತಡವಾಗಿ, 2002ರ ಅಕ್ಟೋಬರ್‌ನಲ್ಲಿ ಇಳಿದರೂ ಜನ ಸಿಮ್‌ಗಾಗಿ ಸಾಲುಗಟ್ಟಿದ್ದರು. ಮುಂದೆ ಗ್ರಾಹಕರು ಹೆಚ್ಚುತ್ತಿದ್ದಾಗ ಉಪಕರಣ ಕೊಳ್ಳುವ ಟೆಂಡರ್‌ಗಳು ಒಂದೊಂದಾಗಿ ಕುಂಟುತ್ತ ಹೋದವು. 9 ಕೋಟಿ 30 ಲಕ್ಷ ಸಂಪರ್ಕಗಳ ಬೃಹತ್ ಟೆಂಡರನ್ನು 2010ರಲ್ಲಿ ಕೈಬಿಡಲಾಯಿತು. ಅದೇ ವರ್ಷ ಖಾಸಗಿಯವರು ಹರಾಜಿನಲ್ಲಿ ಕೂಗಿದ ಬೆಲೆಯನ್ನೇ ಬಿಎಸ್‌ಎನ್‌ಎಲ್ ಕೂಡ ತನಗೆ ಹಂಚಲಾದ ತರಂಗಾಂತರಕ್ಕೆ ಕಟ್ಟಬೇಕಾಯಿತು. ಆ ಮೊತ್ತ ಸುಮಾರು 18,500 ಕೋಟಿ ರೂಪಾಯಿ. ಕೈಯಲ್ಲಿದ್ದ ಹಣದ ದೊಡ್ಡ ಭಾಗ ಅಲ್ಲಿಗೆ ಹೋಯಿತು. 2009-10ರಿಂದ ನಷ್ಟ ಶುರುವಾಯಿತು. ಇಡೀ ದೇಶ 4ಜಿಗೆ ಬದಲಾಗುತ್ತಿದ್ದಾಗ ಬಿಎಸ್‌ಎನ್‌ಎಲ್‌ಗೆ ಅದರ ತರಂಗಾಂತರ ಕೊಡುವ ತೀರ್ಮಾನ ಆದದ್ದು 2019ರ ಅಕ್ಟೋಬರ್ 23ರ ಪುನಶ್ಚೇತನ ಯೋಜನೆಯಲ್ಲಿ. ಮರುವರ್ಷ ಕರೆದ 4ಜಿ ಟೆಂಡರ್ ಕೂಡ ರದ್ದಾಯಿತು. ಈ ಯಾವ ತೀರ್ಮಾನವನ್ನೂ ಶಿವಮೊಗ್ಗದ ದೂರವಾಣಿ ಕೇಂದ್ರದಲ್ಲಿ ಕುಳಿತವರು ಮಾಡಿದ್ದಲ್ಲ. ನೆಂಟರಿಗೆ ಇದನ್ನು ನೀವು ಹೇಳಬಹುದು.

2019ರ ಫೆಬ್ರುವರಿ ತಿಂಗಳ ಸಂಬಳ ಸಂಸ್ಥೆಯ ಇತಿಹಾಸದಲ್ಲೇ ಮೊದಲ ಬಾರಿಗೆ ಸಕಾಲಕ್ಕೆ ಬರಲಿಲ್ಲ. ನವೆಂಬರ್ 4ರಿಂದ ಡಿಸೆಂಬರ್ 3ರವರೆಗೆ, 50 ವರ್ಷ ದಾಟಿದವರಿಗೆ ಸ್ವಯಂ ನಿವೃತ್ತಿಯ ಅವಕಾಶ ತೆರೆಯಿತು. ಸೇವೆ ಸಲ್ಲಿಸಿದ ಪ್ರತಿ ವರ್ಷಕ್ಕೆ 35 ದಿನದ, ನಿವೃತ್ತಿಗೆ ಉಳಿದಿದ್ದ ಪ್ರತಿ ವರ್ಷಕ್ಕೆ 25 ದಿನದ ಸಂಬಳದ ಲೆಕ್ಕದಲ್ಲಿ ಪರಿಹಾರ ನಿಗದಿಯಾಯಿತು. 1.5 ಲಕ್ಷದಷ್ಟಿದ್ದ ಸಿಬ್ಬಂದಿಯಲ್ಲಿ 78 ಸಾವಿರಕ್ಕೂ ಹೆಚ್ಚು ಮಂದಿ 2020ರ ಜನವರಿ 31ರಂದು ಒಂದೇ ದಿನ ಹೊರಬಂದರು. ದೆಹಲಿ ಮತ್ತು ಮುಂಬೈಯ ಸರ್ಕಾರಿ ದೂರವಾಣಿ ಕಂಪನಿಯಾದ ಎಂಟಿಎನ್‌ಎಲ್ ಸೇರಿಸಿದರೆ ಈ ಸಂಖ್ಯೆ 92 ಸಾವಿರ ದಾಟುತ್ತದೆ. ಹೊರಗೆ ಬರುವ ತೀರ್ಮಾನ ನಿಮ್ಮ ತಂದೆಯವರ ವಯಸ್ಸಿನವರಿಗೆ ಅಸಮಂಜಸವಾಗಿರಲಿಲ್ಲ: ಇಲಾಖೆಯಿಂದ ಬಂದವರಿಗೆ ಸರ್ಕಾರಿ ಪಿಂಚಣಿ ಭದ್ರವಾಗಿತ್ತು, ಒಳಗೆ ಉಳಿದರೆ ಮುಂದಿನ ತಿಂಗಳ ಸಂಬಳ ಯಾವಾಗ ಬರುತ್ತದೆ ಎಂಬ ಖಾತ್ರಿ ಇರಲಿಲ್ಲ. ಅದನ್ನು ಹೇಡಿತನವೆಂದೋ ದುರಾಸೆಯೆಂದೋ ಕರೆಯುವವರು ಆ ತಿಂಗಳುಗಳನ್ನು ಅನುಭವಿಸಿದವರಲ್ಲ.

ಆದರೆ ಇವರಿಗಿಂತ ಕಷ್ಟಕ್ಕೆ ಸಿಕ್ಕಿದವರು ಇದ್ದರು. ಕೇಬಲ್ ಜೋಡಿಸುವವರು, ಕೇಂದ್ರಗಳ ಕಾವಲುಗಾರರು, ಸ್ವಚ್ಛತೆಯವರು ಮೊದಲಾದ ಗುತ್ತಿಗೆ ಕೆಲಸಗಾರರಿಗೆ 2019ರಲ್ಲಿ ಹಲವು ತಿಂಗಳ ಸಂಬಳವೇ ಬರಲಿಲ್ಲ. ಸ್ವಯಂ ನಿವೃತ್ತಿಯ ಪರಿಹಾರವೂ ಅವರಿಗೆ ಇರಲಿಲ್ಲ, ಪಿಂಚಣಿಯೂ ಇರಲಿಲ್ಲ. ನಿಮ್ಮ ಭಾಗದ ಮಲೆನಾಡಿನ ಜನರಿಗೆ ಇದರ ಪರಿಣಾಮ ಗೊತ್ತಿದೆ. ಖಾಸಗಿ ಟವರ್ ಬಾರದ ಕಣಿವೆಗಳಲ್ಲಿ ಬಿಎಸ್‌ಎನ್‌ಎಲ್ ಒಂದೇ ಆಸರೆ. ಮಳೆಗಾಲದಲ್ಲಿ ಕರೆಂಟ್ ಹೋದ ಕೂಡಲೇ ಅದರ ಟವರ್ ಸತ್ತರೆ, ಅದಕ್ಕೆ ಡೀಸೆಲ್ ಹಾಕಲು, ತುಂಡಾದ ಕೇಬಲ್ ಹುಡುಕಲು ಮೊದಲಿದ್ದ ಕೈಗಳು ಇಲ್ಲ. ದಾರಿಯ ಯಾವ ತಿರುವಿನಲ್ಲಿ ಕೇಬಲ್ ಎಷ್ಟು ಆಳದಲ್ಲಿದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡಿದ್ದ ಲೈನ್‌ಮ್ಯಾನ್‌ಗಳು ಒಂದೇ ದಿನ ಹೊರಟುಹೋದರು, ಆ ತಿಳಿವಳಿಕೆಯನ್ನು ಬರೆದಿಟ್ಟುಕೊಳ್ಳುವ ವ್ಯವಸ್ಥೆಯೂ ಆಗಲಿಲ್ಲ.

ಸಂಸ್ಥೆ ಆಮೇಲೆ ಸ್ವಲ್ಪ ಚೇತರಿಸಿಕೊಂಡಿತು. 2022 ಮತ್ತು 2023ರಲ್ಲಿ ಸರ್ಕಾರ ಮತ್ತೆ ದೊಡ್ಡ ಮೊತ್ತ ಕೊಟ್ಟಿತು. 2024ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತ್ರೈಮಾಸಿಕದಲ್ಲಿ 262 ಕೋಟಿ ರೂಪಾಯಿ ಲಾಭ ಬಂತು. ಬಹಳ ವರ್ಷಗಳ ನಂತರದ ಲಾಭ ಅದು. ಈ ಚೇತರಿಕೆಗೆ ಸಿಬ್ಬಂದಿ ವೆಚ್ಚ ಇಳಿದದ್ದು ನೆರವಾಗಿದೆ ಎಂಬುದನ್ನು ನಾನು ಒಪ್ಪುತ್ತೇನೆ. ಆ ನೆರವನ್ನು ತಮ್ಮ ಸೇವೆಯ ಕೊನೆಯ ವರ್ಷಗಳನ್ನು ಬಿಟ್ಟುಕೊಟ್ಟು ಮಾಡಿದವರು ನಿಮ್ಮ ತಂದೆಯವರಂಥವರೇ.

ಪ್ರಶ್ನೆ: ನನ್ನದು ನಷ್ಟದಲ್ಲಿರುವ ಕಂಪನಿಯ ಸಿಮ್. ಬ್ಯಾಂಕ್, ಆಧಾರ್ ಎಲ್ಲಕ್ಕೂ ಇದೇ ನಂಬರ್ ಕೊಟ್ಟಿದ್ದೇನೆ. ಕಂಪನಿ ಮುಚ್ಚಿದರೆ ನಂಬರ್ ಹೋಗುತ್ತದೆಯೇ? (ತುಮಕೂರು)

ಉತ್ತರ: ಸಕಾಲದಲ್ಲಿ ಬದಲಿಸಿಕೊಂಡರೆ ಹೋಗುವುದಿಲ್ಲ. ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಿಂದ ದೇಶದಾದ್ಯಂತ ಇದೆ. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಟೈಪ್ ಮಾಡಿ, ಸ್ಥಳ ಬಿಟ್ಟು ನಂಬರ್ ಬರೆದು 1900ಕ್ಕೆ ಸಂದೇಶ ಕಳುಹಿಸಿದರೆ ಸಂಕೇತ ಬರುತ್ತದೆ. 2018ರಲ್ಲಿ ಏರ್‌ಸೆಲ್ ಕುಸಿದಾಗ ಸಿಗ್ನಲ್ ಇಲ್ಲದೆ ಆ ಸಂಕೇತವನ್ನೇ ಪಡೆಯಲಾಗದೆ ಲಕ್ಷಾಂತರ ಗ್ರಾಹಕರು ಪರದಾಡಿದರು. ಹಾಗೆಂದು ಈಗಲೇ ಗಾಬರಿಯಾಗುವ ಅಗತ್ಯವಿಲ್ಲ. ನಿಮ್ಮ ಊರಿನಲ್ಲಿ ಸೇವೆ ಸರಿಯಿದ್ದರೆ ಮುಂದುವರಿಯಿರಿ.

ಪ್ರಶ್ನೆ: ನಾನು ಒಂದು ಮೊಬೈಲ್ ಕಂಪನಿಯ ತಾಲ್ಲೂಕು ವಿತರಕನಾಗಿದ್ದೆ. ಆರು ಹುಡುಗರು ನನ್ನ ಬಳಿ ಸಿಮ್ ಮತ್ತು ರೀಚಾರ್ಜ್ ಮಾರುತ್ತಿದ್ದರು. ಕಂಪನಿ ದಿವಾಳಿಯಾದಾಗ ನನ್ನ ಠೇವಣಿ ಮತ್ತು ಕಮಿಷನ್ ಸಿಕ್ಕಿಹಾಕಿಕೊಂಡವು. ಹುಡುಗರನ್ನು ಕಳುಹಿಸಬೇಕಾಯಿತು. ಇಂಥವರಿಗೆ ಕಾನೂನಿನಲ್ಲಿ ಏನಿದೆ? (ವಿಜಯಪುರ)

ಉತ್ತರ: ದಿವಾಳಿ ಸಂಹಿತೆಯಲ್ಲಿ ನಿಮ್ಮನ್ನು ವ್ಯವಹಾರದ ಸಾಲಿಗರು, ಅಂದರೆ ಕಂಪನಿಯಿಂದ ವ್ಯವಹಾರದ ಬಾಕಿ ಬರಬೇಕಾದವರು ಎಂದು ಪರಿಗಣಿಸುತ್ತಾರೆ. ಪ್ರಕರಣ ನೋಡಿಕೊಳ್ಳಲು ನೇಮಕವಾದ ಅಧಿಕಾರಿಗೆ ನಮೂನೆ ‘ಬಿ’ಯಲ್ಲಿ ನಿಮ್ಮ ಬಾಕಿಯ ವಿವರ ಸಲ್ಲಿಸಬೇಕಾಗಿತ್ತು, ಕಂಪನಿಯ ಸ್ವಂತ ನೌಕರರಾದರೆ ನಮೂನೆ ‘ಡಿ’. ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಬರುವುದರಿಂದ ಬಹಳಷ್ಟು ವಿತರಕರು ಗಡುವು ಮೀರಿಸಿಕೊಂಡರು. ಪ್ರಕ್ರಿಯೆ ಇನ್ನೂ ಮುಗಿದಿಲ್ಲವಾದರೆ ತಡವಾದ ಕಾರಣ ತಿಳಿಸಿ ಈಗಲೂ ಸಲ್ಲಿಸಿ ನೋಡಿ. ಆದರೆ ನಿಜ ಹೇಳಬೇಕೆಂದರೆ, ನಿಮ್ಮಂಥವರ ಸರದಿ ಕೊನೆಯ ಹತ್ತಿರ ಬರುತ್ತದೆ. ಕಂಪನಿಯ ಆಸ್ತಿ ಮಾರಿ ಹಂಚುವಾಗ ಕಾರ್ಮಿಕರ 24 ತಿಂಗಳ ಬಾಕಿಗೆ ಅಡಮಾನ ಪಡೆದ ಬ್ಯಾಂಕುಗಳ ಸಮಾನ ಸ್ಥಾನವಿದೆ, ಇತರ ನೌಕರರ 12 ತಿಂಗಳ ಬಾಕಿ ಅದರ ನಂತರ ಬರುತ್ತದೆ, ವಿತರಕರು ಇನ್ನೂ ಕೆಳಗೆ. ನಿಮ್ಮ ಆರು ಹುಡುಗರು ಕಂಪನಿಯ ಯಾವ ಪಟ್ಟಿಯಲ್ಲಿಯೂ ಇಲ್ಲ. ಕೆಲಸ ಕಳೆದುಕೊಂಡವರ ಲೆಕ್ಕ ಕೊಡುವಾಗ ಎಲ್ಲರೂ ಬಿಟ್ಟುಬಿಡುವುದು ಇವರನ್ನೇ. ಇನ್ನು ಮುಂದೆ ಯಾವ ಕಂಪನಿಯ ವಿತರಣೆ ಹಿಡಿದರೂ ಠೇವಣಿಗೆ ಮಿತಿ ಹಾಕಿಕೊಳ್ಳಿ, ಕಮಿಷನ್ ಬಾಕಿ ಒಂದು ತಿಂಗಳಿಗಿಂತ ಹೆಚ್ಚು ಬೆಳೆಯಲು ಬಿಡಬೇಡಿ.

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದೇನೆ. ದೂರಸಂಪರ್ಕದಲ್ಲಿ ಭವಿಷ್ಯವಿಲ್ಲ, ಬೇರೆ ಕೆಲಸ ನೋಡಿಕೋ ಎಂದು ಅಣ್ಣ ಹೇಳುತ್ತಾನೆ. ನಿಮ್ಮ ಸಲಹೆ ಏನು? (ದಾವಣಗೆರೆ)

ಉತ್ತರ: ನಿಮ್ಮ ಅಣ್ಣನವರ ಆತಂಕಕ್ಕೆ ಆಧಾರವಿದೆ. ಇದು ನಮ್ಮ ದೇಶದ ಕಥೆಯಷ್ಟೇ ಅಲ್ಲ. ಬ್ರಿಟನ್ನಿನ ಬಿಟಿ ಕಂಪನಿ 2030ರೊಳಗೆ ಗುತ್ತಿಗೆಯವರೂ ಸೇರಿ 55 ಸಾವಿರದವರೆಗೆ ಕೆಲಸ ಕಡಿತ ಮಾಡುವುದಾಗಿ 2023ರಲ್ಲಿ ಘೋಷಿಸಿತು. ಫೈಬರ್ ಎಳೆಯುವ ಕೆಲಸ ಮುಗಿದ ಮೇಲೆ ಅಷ್ಟು ಜನ ಬೇಡ, ಗ್ರಾಹಕ ಸೇವೆಯ ಒಂದು ಭಾಗವನ್ನು ಕೃತಕ ಬುದ್ಧಿಮತ್ತೆ ನಿಭಾಯಿಸುತ್ತದೆ ಎಂಬುದು ಅವರ ವಿವರಣೆ. ಕಾಲ್ ಸೆಂಟರ್, ಮಳಿಗೆ, ಸಿಮ್ ಮಾರಾಟ ಇವುಗಳನ್ನೇ ನಂಬಿ ನೀವು ಈ ಕ್ಷೇತ್ರಕ್ಕೆ ಬರುವುದಾದರೆ ನಾನೂ ಬೇಡವೆಂದೇ ಹೇಳುತ್ತೇನೆ.

ಆದರೆ ನಿಮ್ಮ ಓದು ಉಪಕರಣದ ಕಡೆಯದು. ಆ ದಿಕ್ಕಿನಲ್ಲಿ ಬೆಂಗಳೂರಿಗೆ ಹಳೆಯ ನಂಟಿದೆ. 1948ರಲ್ಲಿ ದೂರವಾಣಿನಗರದಲ್ಲಿ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆ ಆರಂಭವಾಯಿತು. ದಶಕಗಳ ಕಾಲ ದೇಶದ ಮನೆಗಳಲ್ಲಿದ್ದ ದೂರವಾಣಿ ಯಂತ್ರಗಳು ಅಲ್ಲಿಂದಲೇ ಬಂದವು. ಅದು ಹೆಚ್ಚುಕಡಿಮೆ ಒಬ್ಬರೇ ಗ್ರಾಹಕರಿಗಾಗಿ, ಅಂದರೆ ದೂರಸಂಪರ್ಕ ಇಲಾಖೆಗಾಗಿ ತಯಾರಿಸುತ್ತಿತ್ತು. 1990ರ ದಶಕದಲ್ಲಿ ಇಲಾಖೆ ಹೊರಗಿನವರಿಂದ ಕೊಳ್ಳತೊಡಗಿದಾಗ ಐಟಿಐ ಸೊರಗಿತು, ಸಾವಿರಾರು ನೌಕರರು ನಿವೃತ್ತಿ ಯೋಜನೆಗಳಲ್ಲಿ ಹೊರಬಂದರು. ಇಂದು ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲಕ್ಕೆ ರೇಡಿಯೋ ಉಪಕರಣ ಕೊಟ್ಟಿರುವ ತೇಜಸ್ ನೆಟ್‌ವರ್ಕ್ಸ್ ಕೂಡ ಬೆಂಗಳೂರಿನದೇ. ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆಯಾದ ಸಿ-ಡಾಟ್ ಮತ್ತು ಟಿಸಿಎಸ್ ಜೊತೆ ಸೇರಿ ಕಟ್ಟಿದ ಆ ಜಾಲವನ್ನು 97,500 ಟವರ್‌ಗಳೊಂದಿಗೆ 2025ರ ಸೆಪ್ಟೆಂಬರ್ 27ರಂದು ಉದ್ಘಾಟಿಸಲಾಯಿತು. ಇಂತಹ ಕಂಪನಿಯಲ್ಲಿಯೂ ದೊಡ್ಡ ಆರ್ಡರ್ ಮುಗಿದೊಡನೆ ಆದಾಯ ಇಳಿಯುತ್ತದೆ. ಆದ್ದರಿಂದ ಕೆಲಸಕ್ಕೆ ಸೇರುವಾಗ ಆ ಕಂಪನಿಗೆ ಗ್ರಾಹಕರು ಎಷ್ಟು ಮಂದಿ, ಒಬ್ಬರೇ ಇದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಕಲಿಯುವುದಾದರೆ ಆಪ್ಟಿಕಲ್ ಫೈಬರ್ ಜೋಡಣೆ ಮತ್ತು ಪರೀಕ್ಷೆ, ನೆಟ್‌ವರ್ಕ್ ಸಂರಚನೆ, ಲಿನಕ್ಸ್, ವಿದ್ಯುತ್ ಪೂರೈಕೆ ಮತ್ತು ಬ್ಯಾಟರಿ ವ್ಯವಸ್ಥೆ ಇವುಗಳನ್ನು ಕೈಯಾರೆ ಕಲಿಯಿರಿ. ಮೊಬೈಲ್ ಕಂಪನಿಯ ಜೊತೆಗೆ ಡೇಟಾ ಕೇಂದ್ರ, ರೈಲ್ವೆ, ವಿದ್ಯುತ್ ಪ್ರಸರಣ, ಊರಿನ ಇಂಟರ್‌ನೆಟ್ ಸೇವೆ ಎಲ್ಲೆಡೆಯೂ ಇವಕ್ಕೆ ಬೇಡಿಕೆ ಇದೆ. ಮೊದಲ ಕೆಲಸ ಗುತ್ತಿಗೆಯದೇ ಆಗಿರುವ ಸಾಧ್ಯತೆ ಹೆಚ್ಚು. ಸೇರುವ ದಿನವೇ ನೇಮಕಾತಿ ಪತ್ರ ಕೇಳಿ ಪಡೆಯಿರಿ. ಹೊಸ ಸಂಹಿತೆಗಳ ಪ್ರಕಾರ ಅದನ್ನು ಕೊಡುವುದು ಕಡ್ಡಾಯ. ಭವಿಷ್ಯ ನಿಧಿಗೆ ಹಣ ಬಿದ್ದಿದೆಯೇ ಎಂಬುದನ್ನು ಪ್ರತಿ ತಿಂಗಳೂ ಮೊಬೈಲಿನಲ್ಲೇ ನೋಡಿಕೊಳ್ಳಿ. ಪತ್ರದಲ್ಲಿ ಮೂಲ ಕಂಪನಿಯ ಹೆಸರು ಮತ್ತು ಕೆಲಸದ ಸ್ಥಳ ನಮೂದಾಗಿರಲಿ.